ನಟನ ಮಾತು, ಕಂಪನಿಯ ಮಾತು, ಕಾಯಿಲೆಯವರ ಮಾತು

(ಕಳೆದ ಭಾನುವಾರ ಸಂಜೆ ವಾಚನಾಲಯದ ಅಂಗಳದಲ್ಲಿ ಸೇರಿದ್ದ ಗಿರಣಿ ಕಾರ್ಮಿಕರ ಮತ್ತು ಚಿಲ್ಲರೆ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ವಿಷಯ ಕೇಳಲು ಬಂದವರು ಕ್ಷಮಿಸಬೇಕು. ಆ ಮಾತು ಮುಂದಿನ ಭಾನುವಾರ. ಇವತ್ತು ನಾನು ಒಂದು ಕಾಯಿಲೆಯ ಬಗ್ಗೆ ಮಾತಾಡುತ್ತೇನೆ. ಅದರ ಹೆಸರನ್ನು ನಾವು ಮನೆಯಲ್ಲಿ ಪಿಸುಮಾತಿನಲ್ಲಿ ಹೇಳುತ್ತೇವೆ, ಬೀದಿಯಲ್ಲಿ ಬೈಗುಳವಾಗಿ ಬಳಸುತ್ತೇವೆ. ಮನಸ್ಸಿನ ಕಾಯಿಲೆ.

ಎರಡು ತಿಂಗಳ ಹಿಂದೆ ನಮ್ಮ ಸಂಗಾತಿಯೊಬ್ಬನನ್ನು ಗಿರಣಿಯ ಗೇಟಿನಲ್ಲಿ ತಡೆದು ನಿಲ್ಲಿಸಿದರು. ಅವನ ಹೆಸರು ಬೇಡ, ಗಿರಣಿಯ ಹೆಸರೂ ಬೇಡ. ಹದಿನಾಲ್ಕು ವರ್ಷ ನೂಲಿನ ಖಾತೆಯಲ್ಲಿ ದುಡಿದವನು. ಆರು ತಿಂಗಳಿಂದ ಅವನಿಗೆ ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ, ಬದುಕೇ ಬೇಡ ಅನ್ನಿಸಿತ್ತು. ಹೆಂಡತಿ ಧೈರ್ಯ ಮಾಡಿ ಸರಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ನಗುವುದಕ್ಕೆ ಶುರುಮಾಡಿದ, ಪಾಳಿಗೆ ಸರಿಯಾಗಿ ಬರತೊಡಗಿದ. ಅಷ್ಟರಲ್ಲಿ ಅವನ ಮೊಬೈಲಿಗೆ ಒಂದು ವಿಡಿಯೊ ಬಂತು. ದೊಡ್ಡ ಹೆಸರಿನವರೊಬ್ಬರು ಅದರಲ್ಲಿ ಉಪದೇಶ ಮಾಡುತ್ತಿದ್ದರು: ಈ ಮಾತ್ರೆಗಳೆಲ್ಲ ವಿಷ, ಮನಸ್ಸಿಗೆ ಕಾಯಿಲೆ ಎಂಬುದೇ ಇಲ್ಲ, ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು. ಇವನು ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿದ. ಕೆಲವು ವಾರಗಳಲ್ಲಿ ಕಾಯಿಲೆ ಮರಳಿ ಬಂತು, ಮೊದಲಿಗಿಂತ ಜೋರಾಗಿಯೇ ಬಂತು. ಆರು ದಿನ ಕೆಲಸಕ್ಕೆ ಹೋಗಲಿಲ್ಲ. ಏಳನೆಯ ದಿನ ಆಸ್ಪತ್ರೆಯ ಚೀಟಿ ಹಿಡಿದು ಹೋದರೆ, ಟೈಂ ಆಫೀಸಿನವರು ಚೀಟಿ ಓದಿ, “ಹುಚ್ಚರಿಗೆ ಇಲ್ಲಿ ಕೆಲಸ ಇಲ್ಲ” ಎಂದರು.

ಇದು ಮಾಲಿಕರ ತಪ್ಪು. ಆದರೆ ಗೇಟಿನ ಹತ್ತಿರ ನಿಂತಿದ್ದ ನಮ್ಮವರೇ ನಾಲ್ಕು ಜನ ಆ ಮಾತಿಗೆ ನಕ್ಕರು. ಅವನ ಹೆಂಡತಿ ಆ ರಾತ್ರಿ ನನ್ನ ಮನೆಗೆ ಬಂದು, “ಮೇಷ್ಟ್ರೇ, ಏನಾದರೂ ಮಾಡಿ” ಎಂದಾಗ ನಾನು ಹೇಳಿದ್ದೇನು? “ಅಮ್ಮಾ, ಇದು ಕೂಲಿಯ ಪ್ರಶ್ನೆಯಲ್ಲ, ಕಾಯಿಲೆಯ ಪ್ರಶ್ನೆ, ಮೊದಲು ಗುಣವಾಗಲಿ, ಆಮೇಲೆ ನೋಡೋಣ” ಎಂದೆ. ಆಕೆ ಏನೂ ಹೇಳದೆ ಎದ್ದು ಹೋದಳು. ಕೈ ಮುರಿದುಕೊಂಡವನ ಹೆಂಡತಿ ಬಂದಿದ್ದರೆ ನಾನು ಹಾಗೆ ಹೇಳುತ್ತಿದ್ದೆನೇ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆದುದರಿಂದ ಈ ಎರಡು ತಿಂಗಳು ನಾನು ಈ ವಿಷಯವನ್ನು ಓದಿದೆ, ಡಾಕ್ಟರುಗಳನ್ನು ಕೇಳಿದೆ. ತಿಳಿದುದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಅಮೆರಿಕದ ಒಂದು ಕಥೆ. ದೂರದ ಕಥೆಯಾದರೂ ನಮ್ಮ ಗೇಟಿನಲ್ಲಿ ನಡೆದುದಕ್ಕೆ ಅದು ಕನ್ನಡಿಯಂತಿದೆ.

ಬ್ರೂಕ್ ಶೀಲ್ಡ್ಸ್ ಎಂಬ ಚಿತ್ರನಟಿಗೆ 2003ರಲ್ಲಿ ಹೆಣ್ಣು ಮಗು ಹುಟ್ಟಿತು. ಬಯಸಿ ಬಯಸಿ, ಚಿಕಿತ್ಸೆ ಪಡೆದು ಹೆತ್ತ ಮಗು. ಆದರೆ ಹೆತ್ತ ಮೇಲೆ ಆಕೆಗೆ ಮಗುವಿನ ಮೇಲೆ ಮನಸ್ಸೇ ಬರಲಿಲ್ಲ. ಅಳು ನಿಲ್ಲಲಿಲ್ಲ. ಜೀವ ಕಳೆದುಕೊಳ್ಳುವ ಯೋಚನೆ ಬಂತು. ಡಾಕ್ಟರ ಸಲಹೆಯಂತೆ ಪ್ಯಾಕ್ಸಿಲ್ ಎಂಬ ಮಾತ್ರೆ ತೆಗೆದುಕೊಂಡಳು, ಸಮಾಲೋಚನೆ ಪಡೆದಳು, ಗುಣವಾದಳು. 2005ರಲ್ಲಿ ಇದನ್ನೆಲ್ಲ ಮುಚ್ಚುಮರೆಯಿಲ್ಲದೆ ಪುಸ್ತಕ ಮಾಡಿ ಬರೆದಳು. ಹಣ, ಹೆಸರು, ಆಳುಕಾಳು ಎಲ್ಲ ಇದ್ದವಳಿಗೂ ಈ ಕಾಯಿಲೆ ಬಂತು ಎಂಬುದನ್ನು ಗಮನಿಸಿ. ಆಕೆ ಬರೆದದ್ದನ್ನು ಓದಿ ಎಷ್ಟೋ ತಾಯಂದಿರು ತಮ್ಮದೂ ಇದೇ ಎಂದು ಬಾಯಿ ಬಿಟ್ಟರು.

ಅದೇ ವರ್ಷ ಟಾಮ್ ಕ್ರೂಸ್ ಎಂಬ ಜಗತ್ಪ್ರಸಿದ್ಧ ನಟ ತನ್ನ ಹೊಸ ಚಿತ್ರದ ಪ್ರಚಾರಕ್ಕೆ ಹೊರಟಿದ್ದ. ಆತ ಸೈಂಟಾಲಜಿ ಎಂಬ ಪಂಥಕ್ಕೆ ಸೇರಿದವನು. ಆ ಪಂಥಕ್ಕೆ ಮನೋವೈದ್ಯ ಎಂದರೆ ಹಗೆ. ಒಂದು ಸಂದರ್ಶನದಲ್ಲಿ ಆತ ಶೀಲ್ಡ್ಸ್ ಹೆಸರೆತ್ತಿ ಮಾತ್ರೆ ತೆಗೆದುಕೊಂಡದ್ದು ತಪ್ಪು ಎಂದ. ಆಮೇಲೆ 2005ರ ಜೂನ್ 24ರಂದು ಎನ್.ಬಿ.ಸಿ. ಟೆಲಿವಿಷನ್ನಿನ ಬೆಳಗಿನ ಕಾರ್ಯಕ್ರಮದಲ್ಲಿ ಕುಳಿತು, ಮನೋವೈದ್ಯವೇ ಒಂದು ಸುಳ್ಳು ಶಾಸ್ತ್ರ, ವಿಟಮಿನ್ನೂ ವ್ಯಾಯಾಮವೂ ಸಾಕು ಎಂಬರ್ಥದ ಮಾತಾಡಿದ. ಮನೋವೈದ್ಯದ ಚರಿತ್ರೆ ನನಗೆ ಗೊತ್ತು, ನಿನಗೆ ಗೊತ್ತಿಲ್ಲ ಎಂದು ಪ್ರಶ್ನೆ ಕೇಳಿದವನನ್ನೇ ಗದರಿದ.

ನಟನೊಬ್ಬ ಹೀಗೆ ಹೇಳಿದರೆ ಏನಂತೆ ಎಂದು ನೀವು ಕೇಳಬಹುದು. ನಾನು ಏಳು ವರ್ಷ ಶಾಲೆಯಲ್ಲಿ ಪಾಠ ಹೇಳಿದೆ. ತಪ್ಪು ಲೆಕ್ಕವನ್ನು ಹಲಗೆಯ ಮೇಲೆ ಬರೆದರೆ ನಲವತ್ತು ಮಕ್ಕಳು ತಪ್ಪು ಕಲಿಯುತ್ತಾರೆ. ಆ ನಟನ ಹಲಗೆ ಇಡೀ ಜಗತ್ತು. ಅವನ ಮಾತು ಇಂಗ್ಲೆಂಡಿನಿಂದ ನಮ್ಮ ದೇಶದವರೆಗೆ ಪತ್ರಿಕೆಗಳಲ್ಲಿ ಬಂತು. ಅಮೆರಿಕದ ಮನೋವೈದ್ಯರ ಸಂಘವೂ ರೋಗಿಗಳ ಮತ್ತು ಅವರ ಮನೆಯವರ ಸಂಘವೂ ಕೂಡಿ ಕೆಲವೇ ದಿನಗಳಲ್ಲಿ ಹೇಳಿಕೆ ಕೊಟ್ಟವು: ಮನಸ್ಸಿನ ಕಾಯಿಲೆಗಳು ನಿಜವಾದ ಕಾಯಿಲೆಗಳು, ಇಂಥ ಮಾತಿನಿಂದ ಜನ ಚಿಕಿತ್ಸೆಗೆ ಹೆದರುತ್ತಾರೆ. ಜುಲೈ 1ರಂದು ಶೀಲ್ಡ್ಸ್ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಲೇಖನ ಬರೆದು, ಹೆರಿಗೆಯಾದ ಮೇಲೆ ಹೆಣ್ಣಿನ ಮೈಯಲ್ಲಿ ಹಾರ್ಮೋನುಗಳು ಥಟ್ಟನೆ ಇಳಿಯುವುದನ್ನು ವಿವರಿಸಿ, ಈ ಸಂಕಟ ಗಂಡಸಾದ ಆತನಿಗೆ ತಿಳಿಯದು ಎಂದು ಉತ್ತರ ಕೊಟ್ಟಳು. ಆಕೆಯ ಉತ್ತರದಲ್ಲಿ ಜಗಳಕ್ಕಿಂತ ತಿಳಿವಳಿಕೆಯೇ ಹೆಚ್ಚಿತ್ತು.

ಪತ್ರಿಕೆಗಳು ಏನು ಮಾಡಿದವು? ಬಹುಪಾಲು ಪತ್ರಿಕೆಗಳಿಗೆ ಇದು ಇಬ್ಬರು ತಾರೆಯರ ಜಟಾಪಟಿ. ಅವನೇನೆಂದ, ಅವಳೇನೆಂದಳು, ಚಿತ್ರದ ಗಲ್ಲಾಪೆಟ್ಟಿಗೆಗೆ ಪೆಟ್ಟಾಯಿತೇ, ಇಲ್ಲವೇ. ಕೆಲವು ಪತ್ರಿಕೆಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆ ನಟನಿಗೇ ತಲೆ ಕೆಟ್ಟಿದೆ ಎಂದು ಗೇಲಿ ಮಾಡಿದವು. ವಿಚಿತ್ರ ನೋಡಿ. ಮನಸ್ಸಿನ ಕಾಯಿಲೆಯೇ ಇಲ್ಲ ಎಂದವನನ್ನು ಖಂಡಿಸಲು ಹೊರಟವರು ಅದೇ ಕಾಯಿಲೆಯನ್ನು ಬೈಗುಳ ಮಾಡಿಕೊಂಡರು. ನಮ್ಮ ಗೇಟಿನ ನಗುವಿಗೂ ಅವರ ಗೇಲಿಗೂ ಏನು ಭೇದ?

2006ರಲ್ಲಿ ಆ ನಟ ಶೀಲ್ಡ್ಸ್ ಮನೆಗೆ ಹೋಗಿ ಕ್ಷಮೆ ಕೇಳಿದ. ಆಕೆ ಅದನ್ನು ಒಪ್ಪಿಕೊಂಡದ್ದಾಗಿ ತಾನೇ ಹೇಳಿದಳು. ಒಳ್ಳೆಯದೇ ಆಯಿತು. ಆದರೆ ಟೆಲಿವಿಷನ್ನಿನ ಮುಂದೆ ಕೇಳಿದ ಮಾತನ್ನು ನಂಬಿ ಯಾರಾದರೂ ಮಾತ್ರೆ ಬಿಟ್ಟಿದ್ದರೆ, ಅವರ ಮನೆಗೆ ಹೋಗಿ ಕ್ಷಮೆ ಕೇಳುವವರು ಯಾರು?

ಇಲ್ಲಿಗೆ ಕಥೆ ಮುಗಿಸಿದರೆ ಸತ್ಯದ ಅರ್ಧ ಭಾಗ ಮಾತ್ರ ಹೇಳಿದಂತಾಗುತ್ತದೆ. ಉಳಿದ ಅರ್ಧವನ್ನು ಸಮಾಜವಾದಿಗಳಾದ ನಾವು ಹೇಳದಿದ್ದರೆ ಬೇರೆ ಯಾರು ಹೇಳಬೇಕು?

ಆ ಪ್ಯಾಕ್ಸಿಲ್ ಮಾತ್ರೆಯನ್ನು ಮಾಡುತ್ತಿದ್ದುದು ಗ್ಲ್ಯಾಕ್ಸೊ ಸ್ಮಿತ್‌ಕ್ಲೈನ್ ಎಂಬ ಕಂಪನಿ. ಡಾಕ್ಟರ ಚೀಟಿ ಬೇಕಾದ ಔಷಧವನ್ನು ನೇರವಾಗಿ ಜನರಿಗೆ ಜಾಹೀರಾತು ಮಾಡಿ ಮಾರಲು ಅಮೆರಿಕದಲ್ಲಿ ಅವಕಾಶವಿದೆ. ಸೋಪು ಮಾರಿದಂತೆ ಮಾತ್ರೆ ಮಾರುತ್ತಾರೆ. ಮಿದುಳಿನಲ್ಲಿ ಒಂದು ರಾಸಾಯನಿಕ ಕಡಿಮೆಯಾಗಿದೆ, ನಮ್ಮ ಮಾತ್ರೆ ಅದನ್ನು ಸಮ ಮಾಡುತ್ತದೆ ಎಂಬುದು ಆ ಜಾಹೀರಾತುಗಳ ಪಲ್ಲವಿ. ತಕ್ಕಡಿಯಲ್ಲಿ ಬೆಲ್ಲ ಕಡಿಮೆಯಾದರೆ ಒಂದು ಚೂರು ಹಾಕಿದಂತೆ! ಮನುಷ್ಯನ ಮಿದುಳು ಅಷ್ಟು ಸರಳವಲ್ಲ. ಖಿನ್ನತೆಗೆ ಆ ಒಂದೇ ರಾಸಾಯನಿಕದ ಕೊರತೆ ಕಾರಣ ಎಂಬುದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ ಎಂದು 2022ರಲ್ಲಿ ಹಳೆಯ ಸಂಶೋಧನೆಗಳನ್ನೆಲ್ಲ ಒಟ್ಟಿಗೆ ಪರಿಶೀಲಿಸಿದ ಲೇಖನವೊಂದು ಹೇಳಿತು. ಅದಕ್ಕೂ ಮೊದಲೇ, 2004ರಲ್ಲಿ, ಮಕ್ಕಳಿಗೂ ಹದಿಹರೆಯದವರಿಗೂ ಈ ಜಾತಿಯ ಮಾತ್ರೆ ಕೊಡುವಾಗ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದೆಂದು ಕಪ್ಪು ಚೌಕಟ್ಟಿನ ಎಚ್ಚರಿಕೆ ಮುದ್ರಿಸಬೇಕೆಂದು ಅಮೆರಿಕದ ಸರಕಾರ ಆಜ್ಞೆ ಮಾಡಿತು. ಹದಿನೆಂಟು ತುಂಬದವರಿಗೆ ಒಪ್ಪಿಗೆಯಿಲ್ಲದಿದ್ದರೂ ಪ್ಯಾಕ್ಸಿಲನ್ನು ಪ್ರಚಾರ ಮಾಡಿದ್ದೂ ಸೇರಿದಂತೆ ಹಲವು ಆರೋಪಗಳ ಮೇಲೆ ಆ ಕಂಪನಿ 2012ರಲ್ಲಿ ತಪ್ಪೊಪ್ಪಿಕೊಂಡು ಒಟ್ಟು 300 ಕೋಟಿ ಡಾಲರ್ ತೆತ್ತಿತು.

ಹಾಗಾದರೆ ನಟ ಹೇಳಿದ್ದೇ ಸರಿಯೇ? ಅಲ್ಲ. ಇಲ್ಲಿಯೇ ನಾವು ಜಾಗರೂಕರಾಗಿರಬೇಕು. ಅಂಗಡಿಯವನ ತೂಕದ ಕಲ್ಲು ಮೋಸದ್ದು ಎಂದ ಮಾತ್ರಕ್ಕೆ ಅಕ್ಕಿಯೇ ಸುಳ್ಳಾಗುವುದಿಲ್ಲ, ಹಸಿವೂ ಸುಳ್ಳಾಗುವುದಿಲ್ಲ. ಕಾರಣ ಪೂರ್ತಿ ಗೊತ್ತಿಲ್ಲದಿದ್ದರೂ ಕಾಯಿಲೆ ನಿಜ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಪತ್ರಿಕೆಯಲ್ಲಿ 21 ಬಗೆಯ ಮಾತ್ರೆಗಳ 522 ಪ್ರಯೋಗಗಳನ್ನು ಒಟ್ಟುಗೂಡಿಸಿದ ಲೆಕ್ಕ ಪ್ರಕಟವಾಯಿತು. ಅವುಗಳಲ್ಲಿದ್ದ ರೋಗಿಗಳು 1,16,477. ದೊಡ್ಡವರ ಖಿನ್ನತೆಗೆ ಎಲ್ಲ ಮಾತ್ರೆಗಳೂ ಹುಸಿಮಾತ್ರೆಗಿಂತ ಮೇಲು ಎಂದು ತಿಳಿದುಬಂತು. ಬಹಳ ಮೇಲಲ್ಲ, ಎಲ್ಲರಿಗೂ ಒಂದೇ ಸಮನಾಗಿಯೂ ಅಲ್ಲ, ಆದರೆ ಮೇಲು. ಮಾತಿನ ಚಿಕಿತ್ಸೆಯೂ ಗುಣ ಕೊಡುತ್ತದೆ. ಯಾರಿಗೆ ಯಾವುದು, ಎಷ್ಟು ದಿನ, ನಿಲ್ಲಿಸುವಾಗ ಹೇಗೆ ಮೆಲ್ಲಮೆಲ್ಲನೆ ಇಳಿಸುತ್ತ ಬರಬೇಕು ಎಂಬುದನ್ನು ರೋಗಿಯನ್ನು ಕಣ್ಣಾರೆ ನೋಡಿದ ಡಾಕ್ಟರು ಹೇಳಬೇಕು. ನಟನೂ ಹೇಳಬಾರದು, ಕಂಪನಿಯೂ ಹೇಳಬಾರದು, ಮೊಬೈಲಿನ ವಿಡಿಯೊವೂ ಹೇಳಬಾರದು.

ನಟನ ಸುಳ್ಳಿನಿಂದ ಅವನ ಪಂಥಕ್ಕೆ ಲಾಭ, ಕಂಪನಿಯ ಸುಳ್ಳಿನಿಂದ ಷೇರುದಾರರಿಗೆ ಲಾಭ, ಇಬ್ಬರ ಗದ್ದಲದಿಂದ ಪತ್ರಿಕೆಗೆ ಲಾಭ. ನಷ್ಟ ಮಾತ್ರ ರಾತ್ರಿ ನಿದ್ದೆಯಿಲ್ಲದೆ ಕುಳಿತವರಿಗೆ.

ಇನ್ನು “ಕೆಲಸಕ್ಕೆ ಯೋಗ್ಯನಲ್ಲ” ಎಂಬ ಮಾತು. ಇದಕ್ಕೂ ಎರಡು ದೇಶಗಳ ಉದಾಹರಣೆ ಇದೆ.

1972ರಲ್ಲಿ ಅಮೆರಿಕದ ಡೆಮಾಕ್ರಟಿಕ್ ಪಕ್ಷ ಥಾಮಸ್ ಈಗಲ್ಟನ್ ಎಂಬವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ನಿಲ್ಲಿಸಿತು. ಹಿಂದೆ ಖಿನ್ನತೆಗಾಗಿ ಆಸ್ಪತ್ರೆ ಸೇರಿದ್ದರು, ವಿದ್ಯುತ್ ಚಿಕಿತ್ಸೆ ಪಡೆದಿದ್ದರು ಎಂಬ ಸಂಗತಿ ಹೊರಬಿತ್ತು. ಪತ್ರಿಕೆಗಳ ಗದ್ದಲಕ್ಕೆ ಹೆದರಿದ ಪಕ್ಷ ಹದಿನೆಂಟು ದಿನಗಳಲ್ಲಿ ಅವರನ್ನು ಇಳಿಸಿತು. ಆದರೆ ಮಿಸೌರಿಯ ಮತದಾರರು 1974ರಲ್ಲೂ 1980ರಲ್ಲೂ ಅದೇ ಮನುಷ್ಯನನ್ನು ಸೆನೆಟ್ಟಿಗೆ ಆರಿಸಿ ಕಳುಹಿಸಿದರು. ಪಕ್ಷದ ಮುಖಂಡರಿಗಿಂತ ಸಾಮಾನ್ಯ ಜನರೇ ದೊಡ್ಡವರಾದರು.

1998ರಲ್ಲಿ ನಾರ್ವೆಯ ಪ್ರಧಾನಮಂತ್ರಿ ಷೆಲ್ ಮಾಗ್ನೆ ಬೊಂಡೆವಿಕ್ ಖಿನ್ನತೆಗೆ ಒಳಗಾದರು. ಹೊಟ್ಟೆನೋವು, ಜ್ವರ ಎಂದು ಸುಳ್ಳು ಹೇಳಬಹುದಿತ್ತು. ಅವರು ಇದ್ದುದನ್ನು ಇದ್ದಂತೆ ದೇಶಕ್ಕೆ ತಿಳಿಸಿ ಕೆಲವು ವಾರ ರಜೆ ಪಡೆದರು. ಗುಣವಾಗಿ ಮರಳಿ ಬಂದು ಅದೇ ಕುರ್ಚಿಯಲ್ಲಿ ಕುಳಿತರು. ಜಗತ್ತಿನ ಪತ್ರಿಕೆಗಳು ಬೆರಗಾಗಿ ಬರೆದವು. ಮುಂದೆ 2001ರಿಂದ 2005ರವರೆಗೆ ಅವರು ಮತ್ತೆ ಪ್ರಧಾನಿಯಾಗಿದ್ದರು. ಒಂದು ದೇಶವನ್ನು ನಡೆಸುವವನು ರಜೆ ತೆಗೆದುಕೊಂಡು ಹಿಂತಿರುಗಬಹುದಾದರೆ, ನೂಲಿನ ಖಾತೆಯ ಕೆಲಸಗಾರನು ಆರು ದಿನದ ನಂತರ ಗೇಟಿನೊಳಗೆ ಬರಬಾರದೇ? (ಚಪ್ಪಾಳೆ)

ಈಗ ನಮ್ಮ ನೆಲಕ್ಕೆ ಬರೋಣ.

ನಮ್ಮಲ್ಲಿ ಹೆತ್ತ ಹೆಣ್ಣು ಮಂಕಾಗಿ ಕುಳಿತರೆ “ಬಾಣಂತಿ ಸನ್ನಿ” ಎನ್ನುತ್ತಾರೆ, “ಗಾಳಿ ಸೋಕಿದೆ” ಎನ್ನುತ್ತಾರೆ. ಬೇವಿನ ಸೊಪ್ಪಿನಿಂದ ಹೊಡೆಸುತ್ತಾರೆ, ತಾಯತ ಕಟ್ಟಿಸುತ್ತಾರೆ. ಬಡದೇಶಗಳಲ್ಲಿ ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು ಇಪ್ಪತ್ತು ಜನರಿಗೆ ಇಂಥ ತೊಂದರೆ, ಹೆಚ್ಚಾಗಿ ಖಿನ್ನತೆ, ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಕೇರಿಯಲ್ಲೇ ಈ ವರ್ಷ ಹತ್ತು ಹೆರಿಗೆಯಾಗಿದ್ದರೆ, ಇಬ್ಬರು ತಾಯಂದಿರು ಒಳಗೊಳಗೇ ಬೇಯುತ್ತಿರಬಹುದು. ಅವರನ್ನು “ಸೋಮಾರಿ”, “ಮಗುವಿನ ಮೇಲೆ ಕರುಳಿಲ್ಲದವಳು” ಎಂದು ಹಂಗಿಸುವ ಮುಂಚೆ ಇದನ್ನು ನೆನೆಯಿರಿ.

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರು ದರ್ಗಾದಲ್ಲಿ ಗುಣವಾದೀತೆಂಬ ಆಸೆಯಿಂದ ಬಂಧುಗಳು ತಂದು ಬಿಟ್ಟಿದ್ದ ಮನೋರೋಗಿಗಳು. ಅವರ ಕಾಲಿಗೆ ಸರಪಳಿ ಹಾಕಿತ್ತು. ಓಡಲು ಆಗಲಿಲ್ಲ, 28 ಜನ ಸತ್ತರು. ಇದನ್ನು ಯಾವ ಒಂದು ಮತದ ತಲೆಗೂ ಕಟ್ಟಬೇಡಿ. ಗುಡಿ, ಮಠ, ದರ್ಗಾ, ಎಲ್ಲ ಕಡೆಯೂ ಬಡವರು ಹೋಗುತ್ತಾರೆ, ಏಕೆಂದರೆ ಅವು ಹತ್ತಿರದಲ್ಲಿವೆ, ಬಾಗಿಲು ತೆರೆದಿರುತ್ತದೆ. ಆಸ್ಪತ್ರೆ ದೂರ. ದೇವರಲ್ಲಿ ಹೋಗಿ ಕೈಮುಗಿಯುವುದಕ್ಕೆ ನನ್ನ ಆಕ್ಷೇಪವಿಲ್ಲ. ಕೈಮುಗಿದು ಆಸ್ಪತ್ರೆಗೂ ಬನ್ನಿ ಎನ್ನುತ್ತೇನೆ, ಅಷ್ಟೆ.

ಆಸ್ಪತ್ರೆಯನ್ನು ಹತ್ತಿರ ತರುವ ಕೆಲಸವೂ ನಮ್ಮ ನಾಡಿನಲ್ಲೇ ಆಗಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಿಂದ ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿತು. ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಆರೋಗ್ಯ ಸಹಾಯಕರಿಗೂ ತರಬೇತಿ ಕೊಟ್ಟು, ಮಾತ್ರೆ ಅಲ್ಲೇ ಸಿಗುವಂತೆ ಮಾಡಿದರು. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಗಿ, ಮುಂದೆ ಎಷ್ಟೋ ಜಿಲ್ಲೆಗಳಿಗೆ ಹರಡಿತು. ಬಳ್ಳಾರಿಯ ಹಳ್ಳಿಗಳು ಇಡೀ ದೇಶಕ್ಕೆ ಪಾಠ ಹೇಳಿದವು. ಆದರೂ ನಿಮ್ಹಾನ್ಸ್ ಮುಂದಾಗಿ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಹೆಚ್ಚಿನ ಮನೋರೋಗಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮೇಲ್ಪಟ್ಟು ರೋಗಿಗಳಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ನಮ್ಮಲ್ಲೂ ಧೈರ್ಯವಾಗಿ ಮಾತಾಡಿದವರಿದ್ದಾರೆ. ಬ್ಯಾಡ್ಮಿಂಟನ್ ವೀರ ಪ್ರಕಾಶ ಪಡುಕೋಣೆಯವರ ಮಗಳು, ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ 2015ರಲ್ಲಿ ತನಗೆ ಖಿನ್ನತೆ ಬಂದಿತ್ತು, ಔಷಧ ತೆಗೆದುಕೊಂಡೆ ಎಂದು ಹೇಳಿದಳು. ಅದು ದೇಶವಿದೇಶಗಳ ಪತ್ರಿಕೆಗಳಲ್ಲಿ ಬಂತು. ಆಕೆ ಸ್ಥಾಪಿಸಿದ ಸಂಸ್ಥೆ ದಾವಣಗೆರೆ ಜಿಲ್ಲೆಯ ಹಳ್ಳಿಗಳಲ್ಲಿ ರೋಗಿಗಳಿಗೆ ನೆರವಾಗುವ ಕೆಲಸ ಕೈಗೊಂಡಿತು. ಇದನ್ನು ಮೆಚ್ಚಬೇಕು. ಆದರೆ ಶ್ರೀಮಂತರ ಔದಾರ್ಯ ಬೇರೆ, ಬಡವನ ಹಕ್ಕು ಬೇರೆ. ಔದಾರ್ಯ ಇವತ್ತಿದ್ದು ನಾಳೆ ಇಲ್ಲದೆ ಹೋಗಬಹುದು. ಹಕ್ಕನ್ನು ಕೇಳಿ ಪಡೆಯಬಹುದು.

ಹಕ್ಕು ಏನೇನಿದೆ? ಬರೆದುಕೊಳ್ಳಿ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಸರಕಾರದ ವೆಚ್ಚದಲ್ಲಿ ನಡೆಯುವ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ರೋಗಿಗೆ ಸರಪಳಿ ಹಾಕುವುದು ನಿಷೇಧ. ಮೈಯ ಕಾಯಿಲೆಗೆ ಕೊಡುವಂತೆಯೇ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ವಿಮೆ ಕೊಡಬೇಕು. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿರುವವರ ಫೋಟೋವನ್ನಾಗಲಿ ವಿಷಯವನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಪತ್ರಿಕೆಗೆ ಕೊಡಕೂಡದು. ನಮ್ಮ ವಾರಪತ್ರಿಕೆಯೂ ಇದನ್ನು ಪಾಲಿಸಬೇಕು. ಆ ಸಂಗಾತಿಯ ಹೆಸರನ್ನು ನಾನು ಹೇಳದಿರುವುದು ಇದೇ ಕಾರಣದಿಂದ.

ಇ.ಎಸ್.ಐ. ಇರುವ ಕಾರ್ಮಿಕರು ಕೇಳಿ. ಕಾಯಿಲೆಯ ಭತ್ಯ ಜ್ವರಕ್ಕೆ ಮಾತ್ರ ಎಂದು ಟೈಂ ಆಫೀಸು ಹೇಳಿದರೆ ನಂಬಬೇಡಿ. ವರ್ಷದಲ್ಲಿ 91 ದಿನಗಳವರೆಗೆ ಕೂಲಿಯ ನೂರಕ್ಕೆ 70 ಪಾಲು ಸಿಗುತ್ತದೆ. ದೀರ್ಘ ಕಾಯಿಲೆಗಳ ಪಟ್ಟಿಯಲ್ಲಿ ಮನೋರೋಗಗಳೂ ಇವೆ. ತೀವ್ರವಾದ ಖಿನ್ನತೆಯೂ ಅವುಗಳಲ್ಲೊಂದು. ಎರಡು ವರ್ಷ ಸತತವಾಗಿ ನೌಕರಿ ಮಾಡಿ, ವಂತಿಗೆಯ ನಿಯಮ ಪೂರೈಸಿದವರಿಗೆ ಅಂಥ ಕಾಯಿಲೆಯಲ್ಲಿ ನೂರಕ್ಕೆ 80 ಪಾಲು, ಎರಡು ವರ್ಷಗಳವರೆಗೆ ಸಿಗಬಹುದು. ನಿಮ್ಮ ಕೂಲಿಯಿಂದ ಮುರಿದ ಹಣ ಅದು. ಯಾರ ಭಿಕ್ಷೆಯೂ ಅಲ್ಲ.

ಅಂಗಡಿಯ ಬಂಧುಗಳಿಗೆ ಈ ವಿಮೆ ಇಲ್ಲ ಎಂದು ನನಗೆ ಗೊತ್ತು. ಸಾಲದ ಕಂತು, ಬಾಡಿಗೆ, ಬಾರದ ಬಾಕಿ ಇವುಗಳ ನಡುವೆ ನಿದ್ದೆ ಕೆಟ್ಟವರು ನಿಮ್ಮಲ್ಲೂ ಇದ್ದಾರೆ. ವ್ಯಾಪಾರಿ ತನ್ನ ಚಿಂತೆಯನ್ನು ಗಿರಾಕಿಗೆ ತೋರಿಸುವಂತಿಲ್ಲ, ಸಾಲ ಕೊಟ್ಟವನಿಗಂತೂ ತೋರಿಸಲೇಬಾರದು. ಅವನ ಸಂಕಟ ಮುಚ್ಚಿದ ಮಡಕೆಯೊಳಗಿನ ಹಬೆ. ಅಂಥವರಿಗೆ 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಟೆಲಿ ಮಾನಸ್ ಎಂಬ ದೂರವಾಣಿ ವ್ಯವಸ್ಥೆ ಮಾಡಿತು. 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ಕಾಸು ಕೊಡಬೇಕಾಗಿಲ್ಲ. ಜೀವ ಬೇಡ ಎಂಬ ಯೋಚನೆ ಯಾರಿಗಾದರೂ ಬಂದಿದ್ದರೆ ಇವತ್ತೇ ರಾತ್ರಿ ಮಾಡಿ. ಅವರನ್ನು ಒಬ್ಬಂಟಿಯಾಗಿ ಬಿಡಬೇಡಿ.

ಒಬ್ಬ ಸಂಗಾತಿ ಇಲ್ಲಿಗೆ ಬರುವ ಮೊದಲು ನನ್ನನ್ನು ಕೇಳಿದ: “ಮೇಷ್ಟ್ರೇ, ರಾತ್ರಿ ಪಾಳಿ, ಸಾಲದ ಕೂಲಿ, ಮಾಲಿಕರ ಕಿರುಕುಳ, ಇವು ಹೋದರೆ ಈ ಕಾಯಿಲೆಯೂ ಹೋಗುವುದಲ್ಲವೇ? ಮಾತ್ರೆ ಏಕೆ?” ಪ್ರಶ್ನೆಯಲ್ಲಿ ಅರ್ಧ ಸತ್ಯವಿದೆ. ಬಡತನ, ನಿದ್ದೆಗೇಡು, ಕೆಲಸ ಹೋಗುವ ಭಯ ಮನಸ್ಸನ್ನು ಮುರಿಯುತ್ತವೆ. ಅವುಗಳ ವಿರುದ್ಧ ಹೋರಾಟ ನಿಲ್ಲದು. ಆದರೆ ಮನೆಗೆ ಬೆಂಕಿ ಬಿದ್ದಾಗ ಮೊದಲು ನೀರು ತರಬೇಕು. ಸಮಾಜವಾದ ಬರುವವರೆಗೆ ಕಾಯಿಲೆಯವನು ಕಾಯಲಿ ಎನ್ನುವುದು, ಮನಸ್ಸು ಗಟ್ಟಿ ಮಾಡಿಕೋ ಎಂದ ಆ ವಿಡಿಯೊದ ಉಪದೇಶಕ್ಕಿಂತ ಹೆಚ್ಚು ಕರುಣೆಯ ಮಾತೇನೂ ಅಲ್ಲ. ಎರಡು ತಿಂಗಳ ಹಿಂದೆ ನಾನು ಆ ತಾಯಿಗೆ ಹೇಳಿದ್ದೂ ಅಂಥ ಮಾತೇ.

ಮೊನ್ನೆ ಆಕೆಯ ಮನೆಗೆ ಹೋಗಿ ತಪ್ಪಾಯಿತು ಎಂದೆ. ಆಕೆ ಕಾಫಿ ಕೊಟ್ಟು, “ಅವರು ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನೀವು ಗೇಟಿಗೆ ಯಾವಾಗ ಬರುತ್ತೀರಿ?” ಎಂದಳು. ಆ ಪ್ರಶ್ನೆಯನ್ನು ನಾನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನನ್ನ ಸೂಚನೆ ಇಷ್ಟು. ನಾಳೆ ಸೋಮವಾರ ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಅವನ ಆಸ್ಪತ್ರೆಯ ಚೀಟಿಯೊಂದಿಗೆ ನಾವು ಗೇಟಿಗೆ ಹೋಗೋಣ. ಆರು ದಿನವನ್ನು ಕಾಯಿಲೆಯ ರಜೆಯೆಂದು ಬರೆದುಕೊಂಡು ಅವನನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು ಕೇಳೋಣ. ಇನ್ನೊಂದು ಸೂಚನೆ ನಮಗೇ. “ಹುಚ್ಚ” ಎಂಬ ಮಾತನ್ನು ಇವತ್ತಿನಿಂದ ಯಾವ ಸಂಗಾತಿಯ ಮೇಲೂ ನಾವು ಎಸೆಯುವುದಿಲ್ಲ ಎಂದು ಗೊತ್ತುಮಾಡಿಕೊಳ್ಳೋಣ. ಅವತ್ತು ಗೇಟಿನಲ್ಲಿ ನಕ್ಕ ನಾಲ್ವರೂ ಈ ಸಭೆಯಲ್ಲಿದ್ದಾರೆ. ಅವರ ಹೆಸರನ್ನೂ ನಾನು ಹೇಳುವುದಿಲ್ಲ. ಸೋಮವಾರ ಅವರು ಮುಂದಿನ ಸಾಲಿನಲ್ಲಿ ನಿಂತರೆ ಸಾಕು.